‘ಡಿಸ್ಚಾರ್ಜ್’ ಅಂದರೆ ಬಿಡುಗಡೆ ಒಂದೇ ಅಲ್ಲ: ಆಸ್ಪತ್ರೆ ಮತ್ತು ಕೋರ್ಟಿನ ಕಾಗದ ಓದುವ ಕ್ರಮ

“ಕೋರ್ಟು ಡಿಸ್ಚಾರ್ಜ್ ಮಾಡಿದೆ ಅಂದರೆ ನಿರಪರಾಧಿ ಅಂತ ತೀರ್ಪು ಬಂತು ಅಂತಲೇ?” “ಗಾಯದ ಎದುರು ‘ಡಿಸ್ಚಾರ್ಜ್ ಪ್ರೆಸೆಂಟ್’ ಅಂತ ಬರೆದಿದ್ದಾರೆ, ಇವತ್ತೇ ಮನೆಗೆ ಕಳಿಸ್ತಾರಾ?” “ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ವೋಚರ್‌ಗೆ ಸಹಿ ಹಾಕಿದ್ದೇವೆ, ಅದು ಡಿಸ್ಚಾರ್ಜ್ ಸಮರಿಯೇ ತಾನೆ?”

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಉತ್ತರ ‘ಅಲ್ಲ’. ಕೇಳಿದವರದ್ದೇನೂ ತಪ್ಪಿಲ್ಲ. ನಿಘಂಟು ತೆರೆದರೆ ಮೊದಲು ಕಣ್ಣಿಗೆ ಬೀಳುವ ಅರ್ಥ ‘ಬಿಡುಗಡೆ’, ನಾವು ಅದನ್ನೇ ಹಿಡಿದುಕೊಳ್ಳುತ್ತೇವೆ. ವೈದ್ಯರು ಮತ್ತು ವಕೀಲರು ಅದೇ ಪದವನ್ನು ಹತ್ತು ಕಡೆ ಹತ್ತು ಅರ್ಥದಲ್ಲಿ ಬಳಸುತ್ತಾರೆ, ಬಿಡಿಸಿ ಹೇಳಲು ಅವರಿಗೆ ಪುರುಸೊತ್ತಿರುವುದಿಲ್ಲ. ಇಲ್ಲಿ ತಪ್ಪು ತಿಳಿದರೆ ಮಾತ್ರೆ ನಿಂತುಹೋಗಬಹುದು, ಹಣ ಕೈತಪ್ಪಬಹುದು, ಮುಗಿಯದ ಕೇಸನ್ನು ಮುಗಿಯಿತೆಂದು ನಂಬಿ ಕೂರಬಹುದು. ಅದಕ್ಕಾಗಿ ಈ ಲೇಖನ.

ಮೊದಲು ಒಂದು ಬೀಗದ ಕೈ ಕೊಡುತ್ತೇನೆ. ಈ ಪದ ಹಳೆಯ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದದ್ದು. ಅಲ್ಲಿ ಅದರ ಅರ್ಥ ಹೊರೆ ಇಳಿಸುವುದು. ಇನ್ನೂ ಹಿಂದೆ ಹೋದರೆ ಲ್ಯಾಟಿನ್‌ನಲ್ಲಿ ಗಾಡಿ ಎಂಬ ಅರ್ಥದ ಪದ ಸಿಗುತ್ತದೆ. ಗಾಡಿಗೆ ಸರಕು ಹೇರುವುದು ‘ಚಾರ್ಜ್’, ಇಳಿಸುವುದು ‘ಡಿಸ್ಚಾರ್ಜ್’. ಬಂದೂಕಿಗೆ ಮದ್ದು ತುಂಬಿದರೂ, ಬ್ಯಾಟರಿಗೆ ವಿದ್ಯುತ್ ತುಂಬಿದರೂ, ಮನುಷ್ಯನ ಮೇಲೆ ಆರೋಪ ಹೊರಿಸಿದರೂ ಇಂಗ್ಲಿಷ್‌ನಲ್ಲಿ ಅದು ‘ಚಾರ್ಜ್’. ನಾವೂ ಆರೋಪವನ್ನು ‘ಹೊರಿಸು’ತ್ತೇವೆ, ನೋಡಿ. ಹಾಗಾಗಿ ಈ ಪದ ಎದುರಾದಾಗಲೆಲ್ಲ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಹೊರೆ ಯಾವುದು? ಯಾರ ಮೇಲಿತ್ತು? ಇಳಿಸಿದವರು ಯಾರು?

ಏನೇನು ಬೇಕು?

ಕಾಗದದ ಎಲ್ಲ ಪುಟಗಳು. ಒಂದು ಸಾಲಿನ ಫೋಟೋ ಸಾಲದು. ಒಂದು ಪೆನ್ಸಿಲ್. ಕೋರ್ಟಿನ ಕಾಗದವಾದರೆ ಪ್ರಕರಣ ಈಗ ಯಾವ ಹಂತದಲ್ಲಿದೆ ಎಂಬ ಮಾಹಿತಿ. ಇಷ್ಟಿದ್ದರೆ ಸಾಕು.

ಹಂತ 1: ಕಾಗದ ಯಾರದ್ದು ಎಂದು ಗುರುತಿಸಿ

ತಲೆಬರಹ ನೋಡಿ. ಬರೆದವರು ವೈದ್ಯರೇ, ನ್ಯಾಯಾಲಯವೇ, ವಿಮಾ ಕಂಪನಿಯೇ, ಬ್ಯಾಂಕೇ, ಕೆಲಸ ಕೊಟ್ಟವರೇ? ಅರ್ಧ ಗೊಂದಲ ಇಲ್ಲೇ ಕರಗುತ್ತದೆ. ಉಳಿದರ್ಧ ಕರಗುವುದಿಲ್ಲ, ಏಕೆಂದರೆ ಒಂದೇ ಆಸ್ಪತ್ರೆಯ ಫೈಲಿನಲ್ಲಿ ಈ ಪದಕ್ಕೆ ನಾಲ್ಕು ಅರ್ಥ ಇರಬಹುದು.

ಹಂತ 2: ಪದದ ಅಕ್ಕಪಕ್ಕ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ

ಪದ ಕ್ರಿಯಾಪದವಾಗಿ ಬಂದು ಅದಕ್ಕೆ ಒಳಗಾದವರು ಮನುಷ್ಯರಾಗಿದ್ದರೆ, ಅಂದರೆ ‘ಪೇಷೆಂಟ್ ವಾಸ್ ಡಿಸ್ಚಾರ್ಜ್ಡ್’, ‘ಅಕ್ಯೂಸ್ಡ್ ಈಸ್ ಡಿಸ್ಚಾರ್ಜ್ಡ್’ ಎಂದಿದ್ದರೆ, ಯಾರನ್ನೋ ಯಾವುದರಿಂದಲೋ ಬಿಟ್ಟಿದ್ದಾರೆ. ನಾಮಪದವಾಗಿ ಬಂದು ಹಿಂದೆ ಬಣ್ಣ, ವಾಸನೆ, ಪ್ರಮಾಣ ಹೇಳುವ ವಿಶೇಷಣವಿದ್ದರೆ ಅದು ದೇಹದಿಂದ ಸೋರುವ ದ್ರವ. ಪಕ್ಕದಲ್ಲಿ ಸಾಲ, ಕರ್ತವ್ಯ, ಹೊಣೆ ಎಂಬ ಅರ್ಥದ ಪದವಿದ್ದರೆ ತೀರಿಸುವುದು, ನಿರ್ವಹಿಸುವುದು ಎಂದರ್ಥ.

ಎಚ್ಚರ: ‘ಫ್ರಮ್’ ಎಂಬ ಪದವನ್ನು ನಂಬಿ ಕೂರಬೇಡಿ. ‘ಡಿಸ್ಚಾರ್ಜ್ ಫ್ರಮ್ ವಾರ್ಡ್’ ಎಂದರೆ ರೋಗಿ ವಾರ್ಡಿನಿಂದ ಹೊರಟರು. ‘ಡಿಸ್ಚಾರ್ಜ್ ಫ್ರಮ್ ಊಂಡ್’ ಎಂದರೆ ಗಾಯದಿಂದ ಕೀವು ಅಥವಾ ನೀರು ಬರುತ್ತಿದೆ. ಕೈಬರಹ ಅವಸರದ್ದಾದರೆ ‘ವಾರ್ಡ್’ಗೂ ‘ಊಂಡ್’ಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಹಂತ 3: ವೈದ್ಯಕೀಯ ಅರ್ಥಗಳನ್ನು ಬೇರ್ಪಡಿಸಿ

ಮೊದಲನೆಯದು ಸ್ರಾವ. ಆಡುಮಾತಿನಲ್ಲಿ ಇದಕ್ಕೆ ಒಂದೇ ಪದವಿಲ್ಲ, ಅಂಗಕ್ಕೊಂದು ಪದವಿದೆ. ಕಿವಿಯಾದರೆ ಸೋರುವುದು, ಮೂಗಾದರೆ ಸುರಿಯುವುದು, ಕಣ್ಣಾದರೆ ಗೀಜು, ಗಾಯವಾದರೆ ಕೀವು ಅಥವಾ ರಸಿಗೆ, ಹೆಂಗಸರಲ್ಲಿ ಬಿಳಿ ಹೋಗುವುದು. ವೈದ್ಯರ ಇಂಗ್ಲಿಷ್‌ಗೆ ಇವೆಲ್ಲವೂ ‘ಡಿಸ್ಚಾರ್ಜ್’. ಹಿಂದಿನ ವಿಶೇಷಣವೇ ಇಲ್ಲಿ ಮುಖ್ಯ. ‘ಸೀರಸ್’ ಎಂದರೆ ತಿಳಿನೀರಿನಂಥದ್ದು, ‘ಪ್ಯೂರುಲೆಂಟ್’ ಎಂದರೆ ಕೀವಿನಂಥದ್ದು, ‘ಮ್ಯೂಕಾಯ್ಡ್’ ಎಂದರೆ ಲೋಳೆಯಂಥದ್ದು, ‘ಬ್ಲಡ್ ಸ್ಟೇನ್ಡ್’ ಎಂದರೆ ರಕ್ತದ ಬಣ್ಣ ಬೆರೆತದ್ದು. ‘ನೋ ಡಿಸ್ಚಾರ್ಜ್’ ಎಂದಿದ್ದರೆ ಮನೆಗೆ ಕಳಿಸುವುದಿಲ್ಲ ಎಂದಲ್ಲ, ಏನೂ ಸೋರುತ್ತಿಲ್ಲ ಎಂದರ್ಥ. ಸಾಮಾನ್ಯವಾಗಿ ಅದು ಒಳ್ಳೆಯ ಸುದ್ದಿ.

ಮುಜುಗರದಿಂದ ಈ ಪದದ ಹಿಂದೆ ಅಡಗಿಕೊಳ್ಳುವವರೂ ಇದ್ದಾರೆ. “ಡಿಸ್ಚಾರ್ಜ್ ಇದೆ” ಎಂದಷ್ಟೇ ಹೇಳಿ ಸುಮ್ಮನಾದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಬಣ್ಣ, ವಾಸನೆ, ತುರಿಕೆ, ಎಷ್ಟು ದಿನದಿಂದ, ಇದನ್ನೆಲ್ಲ ನಮ್ಮ ಮಾತಿನಲ್ಲೇ ಹೇಳಿ. ಮನೆಮಾತಿನಲ್ಲಿ ಹೇಳಿದ ವಿವರ, ಇಂಗ್ಲಿಷ್‌ನಲ್ಲಿ ಹೇಳಿದ ಒಂದು ಪದಕ್ಕಿಂತ ಚಿಕಿತ್ಸೆಗೆ ಎಷ್ಟೋ ಪಾಲು ಉಪಯುಕ್ತ.

ಎರಡನೆಯದು ಎಲ್ಲರಿಗೂ ಗೊತ್ತಿರುವುದು: ಆಸ್ಪತ್ರೆಯಿಂದ ಮನೆಗೆ ಹೋಗುವುದು. ಆದರೆ ಇದೂ ‘ಗುಣವಾಯಿತು’ ಎಂಬುದಕ್ಕೆ ಸಮವಲ್ಲ. ಇಲ್ಲಿ ಇಳಿದ ಹೊರೆ ಆಸ್ಪತ್ರೆಯದ್ದು. ಒಳರೋಗಿಯಾಗಿ ಇಟ್ಟುಕೊಂಡು ನೋಡಿಕೊಳ್ಳುವ ಅಗತ್ಯ ಮುಗಿದಿದೆ, ಅಷ್ಟೇ. ಕಾಯಿಲೆ, ಮಾತ್ರೆ, ಮತ್ತೆ ಬಂದು ತೋರಿಸುವ ದಿನ ಎಲ್ಲವೂ ಉಳಿದಿರಬಹುದು. ಇನ್ನೊಂದು ಸಂಗತಿ ಕೇಳಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಅಂತಾರಾಷ್ಟ್ರೀಯ ಆರೋಗ್ಯ ಅಂಕಿಅಂಶಗಳಲ್ಲಿ ‘ಡಿಸ್ಚಾರ್ಜ್’ ಎಂಬ ಎಣಿಕೆಯೊಳಗೆ ಚಿಕಿತ್ಸೆ ಮುಗಿಸಿ ಹೋದವರು, ಬೇರೆ ಆಸ್ಪತ್ರೆಗೆ ವರ್ಗವಾದವರು, ವೈದ್ಯರ ಮಾತು ಮೀರಿ ಹೊರಟವರಷ್ಟೇ ಅಲ್ಲ, ಆಸ್ಪತ್ರೆಯಲ್ಲೇ ತೀರಿಕೊಂಡವರೂ ಸೇರಿರುತ್ತಾರೆ. “ಇಷ್ಟು ಸಾವಿರ ಡಿಸ್ಚಾರ್ಜ್” ಎಂಬುದನ್ನು “ಇಷ್ಟು ಸಾವಿರ ಜನ ಗುಣಮುಖ” ಎಂದು ಅನುವಾದಿಸಿದರೆ ಅದು ಸುಳ್ಳು ಸುದ್ದಿಯಾಗುತ್ತದೆ.

ಮೂರನೆಯದು ನರಗಳದ್ದು. ನರಕೋಶಗಳು ವಿದ್ಯುತ್ ಸಂಕೇತ ಹೊಮ್ಮಿಸುವುದಕ್ಕೂ ಇದೇ ಹೆಸರು. ಬ್ರಿಟಿಷ್ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 1873ರಲ್ಲಿ ಮೂರ್ಛೆರೋಗವನ್ನು ವಿವರಿಸಿದ್ದು ಮಿದುಳಿನ ಬೂದುಭಾಗದ ಹಠಾತ್, ಅತಿಯಾದ ‘ಡಿಸ್ಚಾರ್ಜ್’ ಎಂದೇ. ಇ.ಇ.ಜಿ. ವರದಿಯಲ್ಲಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆಯ ವರದಿಯಲ್ಲಿ, ‘ಎಪಿಲೆಪ್ಟಿಫಾರ್ಮ್ ಡಿಸ್ಚಾರ್ಜಸ್’ ಎಂದು ಕಂಡರೆ ಕಿವಿಯೋ ಮೂಗೋ ಸೋರುತ್ತಿದೆ ಎಂದು ಹುಡುಕಬೇಡಿ. ಮೂರ್ಛೆಗೆ ಸಂಬಂಧಿಸಿದ ಅಲೆಗಳು ಕಂಡಿವೆ ಎಂದರ್ಥ, ನರವೈದ್ಯರಿಗೆ ತೋರಿಸಿ. ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಬಗ್ಗೆ ಬಂದಾಗಲೂ ಹೀಗೆಯೇ, ಅಲ್ಲಿ ಇಳಿಯುವುದು ಯಂತ್ರ ತುಂಬಿಕೊಂಡ ವಿದ್ಯುತ್.

ಎಚ್ಚರ, ಇದು ಬಹಳ ಮುಖ್ಯ: ‘ಡಿ/ಸಿ’ ಎಂಬ ಕಿರುರೂಪ. ಕೆಲವರು ಅದನ್ನು ‘ಡಿಸ್ಚಾರ್ಜ್’ ಎಂಬುದಕ್ಕೆ ಬರೆಯುತ್ತಾರೆ, ಕೆಲವರು ‘ಡಿಸ್‌ಕಂಟಿನ್ಯೂ’, ಅಂದರೆ ನಿಲ್ಲಿಸಿ ಎಂಬುದಕ್ಕೆ. ‘ಡಿ/ಸಿ ಮೆಡಿಸಿನ್ಸ್’ ಎಂದು ಬರೆದು ಕೆಳಗೆ ಐದು ಮಾತ್ರೆಗಳ ಪಟ್ಟಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕಾದ ಮಾತ್ರೆಗಳೋ, ನಿಲ್ಲಿಸಬೇಕಾದ ಮಾತ್ರೆಗಳೋ? ಔಷಧ ಸುರಕ್ಷತೆಗಾಗಿ ಕೆಲಸ ಮಾಡುವವರು ತಪ್ಪಿಗೆ ದಾರಿ ಮಾಡುವ ಕಿರುರೂಪಗಳ ಪಟ್ಟಿಯಲ್ಲಿ ಇದನ್ನು ಸೇರಿಸಿರುವುದು ಇದೇ ಕಾರಣಕ್ಕೆ. ಹೊರಡುವ ಮೊದಲು ನರ್ಸ್ ಮುಂದೆ ಪಟ್ಟಿ ಹಿಡಿದು ಒಂದೊಂದು ಮಾತ್ರೆಯ ಮೇಲೂ ಬೆರಳಿಟ್ಟು “ಇದು ತಗೋಬೇಕಾ, ನಿಲ್ಲಿಸಬೇಕಾ?” ಎಂದು ಕೇಳಿ, ಪಕ್ಕದಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಸಂಕೋಚ ಬೇಡ. ‘ಡಿ ಆಂಡ್ ಸಿ’ ಎಂಬುದು ಮತ್ತೂ ಬೇರೆ, ಅದು ಗರ್ಭಕೋಶದ ಒಳಪದರವನ್ನು ಕೆರೆದು ತೆಗೆಯುವ ಪ್ರಕ್ರಿಯೆ.

ಹಂತ 4: ಕ್ರಿಮಿನಲ್ ಪ್ರಕರಣವಾದರೆ, ಯಾವ ಹಂತ ಮತ್ತು ಯಾವ ದೇಶ ಎಂದು ನೋಡಿ

ನಮ್ಮಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಕಾರಣ ಕನ್ನಡದ್ದೇ. ಜಾಮೀನು ಸಿಕ್ಕರೂ ಬಿಡುಗಡೆ, ಆರೋಪ ಕೈಬಿಟ್ಟರೂ ಬಿಡುಗಡೆ, ವಿಚಾರಣೆ ನಡೆದು ನಿರಪರಾಧಿ ಎಂದಾದರೂ ಬಿಡುಗಡೆ, ಶಿಕ್ಷೆ ಮುಗಿಸಿ ಜೈಲಿನಿಂದ ಬಂದರೂ ಬಿಡುಗಡೆ! ಇವು ನಾಲ್ಕೂ ಬೇರೆ ಬೇರೆ.

ಭಾರತದ ಕಾನೂನಿನಲ್ಲಿ ‘ಡಿಸ್ಚಾರ್ಜ್’ ಆಗುವುದು ದೋಷಾರೋಪ ನಿಗದಿಯಾಗುವ ಮೊದಲು. ದೋಷಾರೋಪ ನಿಗದಿ ಎಂದರೆ ಯಾವ ಅಪರಾಧಕ್ಕಾಗಿ ವಿಚಾರಣೆ ಎಂದು ನ್ಯಾಯಾಲಯ ಬರೆದು, ಆರೋಪಿಗೆ ಓದಿ ಹೇಳುವ ಹಂತ. ಪೊಲೀಸರು ಸಲ್ಲಿಸಿದ ದಾಖಲೆ ನೋಡಿ, ಮುಂದುವರಿಯಲು ಸಾಕಷ್ಟು ಆಧಾರವಿಲ್ಲ ಎನಿಸಿದರೆ ನ್ಯಾಯಾಲಯ ಕಾರಣ ಬರೆದು ಆರೋಪಿಯನ್ನು ಬಿಡುತ್ತದೆ. ಹೊರೆ ಹೊರಿಸುವ ಮುಂಚೆಯೇ ಕೆಳಗಿಟ್ಟಂತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೆಷನ್ಸ್ ಪ್ರಕರಣಗಳಿಗೆ (ಸೆಷನ್ಸ್ ನ್ಯಾಯಾಲಯ ವಿಚಾರಿಸುವ ಗಂಭೀರ ಪ್ರಕರಣಗಳಿಗೆ) 250ನೇ ಕಲಂ, ಪೊಲೀಸ್ ವರದಿಯ ಮೇಲಿನ ವಾರಂಟ್ ಪ್ರಕರಣಗಳಿಗೆ (ಎರಡು ವರ್ಷಕ್ಕಿಂತ ಹೆಚ್ಚು ಜೈಲು ಶಿಕ್ಷೆ ಕೊಡಬಹುದಾದ ಅಪರಾಧಗಳ ಪ್ರಕರಣಗಳಿಗೆ) 262ನೇ ಕಲಂ ಇದಕ್ಕಾಗಿ ಇವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇವು 227 ಮತ್ತು 239 ಆಗಿದ್ದವು, ಹಳೆಯ ಆದೇಶಗಳಲ್ಲಿ ಈ ಸಂಖ್ಯೆಗಳೇ ಕಾಣುತ್ತವೆ. ಡಿಸ್ಚಾರ್ಜ್ ಕೋರಿ ಆರೋಪಿ ಸಲ್ಲಿಸುವ ಅರ್ಜಿಗೆ ಹೊಸ ಕಾನೂನು 60 ದಿನದ ಗಡುವು ಇಟ್ಟಿದೆ. ಸೆಷನ್ಸ್ ಪ್ರಕರಣದಲ್ಲಿ, ಪ್ರಕರಣವನ್ನು ಆ ನ್ಯಾಯಾಲಯಕ್ಕೆ ಒಪ್ಪಿಸಿದ ದಿನದಿಂದ ಲೆಕ್ಕ. ಇನ್ನೊಂದರಲ್ಲಿ ದಾಖಲೆಗಳ ಪ್ರತಿ ಕೈಗೆ ಸಿಕ್ಕ ದಿನದಿಂದ. ಆ ದಿನಾಂಕವನ್ನು ಇವತ್ತೇ ಗುರುತು ಹಾಕಿ ವಕೀಲರಿಗೆ ತಿಳಿಸಿ.

ಖುಲಾಸೆ ಬೇರೆ. ಇಂಗ್ಲಿಷ್‌ನಲ್ಲಿ ಅದು ‘ಅಕ್ವಿಟಲ್’. ದೋಷಾರೋಪ ನಿಗದಿಯಾಗಿ, ವಿಚಾರಣೆಯ ಕೊನೆಗೆ ಆರೋಪ ಸಾಬೀತಾಗಲಿಲ್ಲ ಎಂದು ತೀರ್ಪು ಬಂದಾಗ ಸಿಗುವುದು ಅದು. ವ್ಯತ್ಯಾಸ ಬರೀ ಪದದ್ದಲ್ಲ. ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯುವಂತಿಲ್ಲ. ಆ ರಕ್ಷಣೆ ಕೊಡುವ, ಹೊಸ ಸಂಹಿತೆಯ 337ನೇ ಕಲಮಿನ ವಿವರಣೆಯೇ, ‘ಡಿಸ್ಚಾರ್ಜ್’ ಎಂಬುದು ಖುಲಾಸೆಯಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಹೊಸ ಸಾಕ್ಷ್ಯ ಸಿಕ್ಕರೆ ಪ್ರಕರಣ ಮತ್ತೆ ಜೀವ ಪಡೆಯಬಹುದು. ಆದೇಶದ ಪ್ರಮಾಣಿತ ಪ್ರತಿಯನ್ನು ಜೋಪಾನವಾಗಿಡಿ, ಕೇಸಿನ ಕಾಗದಗಳನ್ನು ಹರಿದು ಹಾಕಬೇಡಿ.

ಅದೇ ಸಂಹಿತೆಯ 60ನೇ ಕಲಮಿಗೆ ಬನ್ನಿ. ಪೊಲೀಸರು ಬಂಧಿಸಿದವರನ್ನು ಮುಚ್ಚಳಿಕೆ, ಜಾಮೀನು ಅಥವಾ ಮ್ಯಾಜಿಸ್ಟ್ರೇಟರ ವಿಶೇಷ ಆದೇಶವಿಲ್ಲದೆ ‘ಡಿಸ್ಚಾರ್ಜ್’ ಮಾಡುವಂತಿಲ್ಲ ಎನ್ನುತ್ತದೆ ಅದು. ಇಲ್ಲಿ ಅರ್ಥ ಬಂಧನದಿಂದ ಬಿಡುವುದು ಮಾತ್ರ, ಆರೋಪ ಹಾಗೆಯೇ ಇರುತ್ತದೆ. ಒಂದೇ ಕಾನೂನು ಪುಸ್ತಕ, ಎರಡು ಅರ್ಥ.

ಈಗ ದೇಶ ಬದಲಾಯಿಸಿ ನೋಡಿ. ಇಂಗ್ಲೆಂಡಿನಲ್ಲಿ ‘ಅಬ್ಸೊಲ್ಯೂಟ್ ಡಿಸ್ಚಾರ್ಜ್’, ‘ಕಂಡಿಷನಲ್ ಡಿಸ್ಚಾರ್ಜ್’ ಎಂಬ ಆದೇಶಗಳಿವೆ. ಅವನ್ನು ಕೊಡುವುದು ತಪ್ಪು ಸಾಬೀತಾದ ಮೇಲೆ! ಮೊದಲನೆಯದರಲ್ಲಿ ಶಿಕ್ಷೆಯೇ ಇಲ್ಲದೆ ಬಿಡುತ್ತಾರೆ. ಎರಡನೆಯದರಲ್ಲಿ ಗರಿಷ್ಠ 3 ವರ್ಷದೊಳಗಿನ ಅವಧಿ ನಿಗದಿ ಮಾಡುತ್ತಾರೆ, ಆ ಅವಧಿಯಲ್ಲಿ ಮತ್ತೊಂದು ಅಪರಾಧ ಮಾಡಿದರೆ ಹಳೆಯದಕ್ಕೂ ಶಿಕ್ಷೆ ಕೊಡಬಹುದು. ಕೆನಡಾದಲ್ಲೂ ಇದೇ ಹೆಸರುಗಳಿವೆ, ಆದರೆ ಅಲ್ಲಿ ತಪ್ಪಿತಸ್ಥರೆಂದು ಕಂಡುಬಂದರೂ ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯೆಂಬ ಗುರುತು ಬೀಳುವುದಿಲ್ಲ. ವಿದೇಶಿ ಸುದ್ದಿ ಅನುವಾದಿಸುವಾಗ ‘ಡಿಸ್ಚಾರ್ಜ್’ ಕಂಡೊಡನೆ ‘ಆರೋಪಮುಕ್ತ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ವೀಸಾ ಅಥವಾ ಕೆಲಸದ ಅರ್ಜಿಯಲ್ಲಿ ಉತ್ತರ ತುಂಬುವವರು ಈ ಸಾಲುಗಳನ್ನು ಎರಡು ಸಲ ಓದಿ.

ಹಂತ 5: ಸಾಲ, ಜಾಮೀನು, ಹೊಣೆ, ನೌಕರಿ

ಸಾಲ ತೀರಿದರೆ ಅದೂ ‘ಡಿಸ್ಚಾರ್ಜ್’. ದಿವಾಳಿ ಕಾನೂನಿನಲ್ಲಿ ಇದು ತೀರಿಸಲಾಗದ ಸಾಲದಿಂದ ಕಾನೂನೇ ಮುಕ್ತಿ ಕೊಡುವುದು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 12 ತಿಂಗಳಿಗೆ ಇದು ತಾನಾಗಿ ಸಿಗುತ್ತದೆ. ಆದರೆ ಎಲ್ಲ ಸಾಲವೂ ಇಳಿಯುವುದಿಲ್ಲ. ಅಮೆರಿಕದಲ್ಲಿ ಮಕ್ಕಳ ಪೋಷಣೆಗೆ ಕೊಡಬೇಕಾದ ಹಣ ದಿವಾಳಿಯಾದರೂ ತಪ್ಪುವುದಿಲ್ಲ.

ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತವರು ಈ ಪದವನ್ನು ತಮ್ಮ ಪರವಾಗಿ ಓದಲು ಕಲಿಯಬೇಕು. ನಿಮ್ಮ ಒಪ್ಪಿಗೆಯಿಲ್ಲದೆ ಸಾಲ ಕೊಟ್ಟವರು ಮತ್ತು ಪಡೆದವರು ಕರಾರಿನ ಷರತ್ತು ಬದಲಾಯಿಸಿಕೊಂಡರೆ, ಆ ಬದಲಾವಣೆಯ ನಂತರದ ವ್ಯವಹಾರಗಳ ಮಟ್ಟಿಗೆ ಜಾಮೀನುದಾರ ‘ಡಿಸ್ಚಾರ್ಜ್’ ಆಗುತ್ತಾನೆ ಎಂದು 1872ರ ಭಾರತೀಯ ಕರಾರು ಅಧಿನಿಯಮದ 133ನೇ ಕಲಂ ಹೇಳುತ್ತದೆ. ಕನ್ನಡದಲ್ಲಿ ಹೊಣೆಮುಕ್ತ ಎನ್ನಿ. ಆದರೆ ಬದಲಾವಣೆಗೆ ಮುಂಚೆಯೇ ಒಪ್ಪಿಗೆ ಕೊಡುವ ಸಾಲುಗಳು ಜಾಮೀನು ಪತ್ರದಲ್ಲೇ ಅಡಗಿರಬಹುದು, ಸಹಿಗೆ ಮುನ್ನ ಹುಡುಕಿ. ಆರೋಪಿಗೆ ಕೋರ್ಟಿನಲ್ಲಿ ಜಾಮೀನು ನಿಂತವರ ದಾರಿ ಬೇರೆ. ಅವರು ಯಾವಾಗ ಬೇಕಾದರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ಹೊಣೆ ಇಳಿಸಿಕೊಳ್ಳಬಹುದು, ಆಗ ಆರೋಪಿಯನ್ನು ಕರೆಸಿ ಬೇರೆ ಜಾಮೀನು ಕೇಳಲಾಗುತ್ತದೆ.

ತೀರ್ಪುಗಳಲ್ಲಿ ಎಡವಿಸುವ ಸಾಲು ಒಂದಿದೆ: ‘ಪ್ರಾಸಿಕ್ಯೂಷನ್ ಹ್ಯಾಸ್ ಫೇಲ್ಡ್ ಟು ಡಿಸ್ಚಾರ್ಜ್ ಇಟ್ಸ್ ಬರ್ಡನ್’. ಸರ್ಕಾರದ ಕಡೆಯವರು ಯಾರನ್ನೋ ಬಿಡಲು ವಿಫಲರಾದರು ಎಂದು ಇದನ್ನು ಓದಿದವರಿದ್ದಾರೆ. ನಿಜವಾದ ಅರ್ಥ, ಆರೋಪ ಸಾಬೀತುಪಡಿಸುವ ಹೊಣೆ ಅವರ ಮೇಲಿತ್ತು, ಅದನ್ನು ನಿಭಾಯಿಸಲಿಲ್ಲ. ಆರೋಪಿಯ ಪಾಲಿಗೆ ಇದಕ್ಕಿಂತ ಸಿಹಿಯಾದ ಸಾಲಿಲ್ಲ.

ನೌಕರಿಯಲ್ಲಿ ಹೇಳುವುದು ಸ್ವಲ್ಪವೇ. ಭಾರತದ ಕಾರ್ಮಿಕ ಕಾನೂನಿನ ಭಾಷೆಯಲ್ಲಿ ‘ಡಿಸ್ಚಾರ್ಜ್’ ಸಾಮಾನ್ಯವಾಗಿ ಕಳಂಕ ಹೊರಿಸದೆ ಕೆಲಸದಿಂದ ತೆಗೆಯುವುದು, ‘ಡಿಸ್ಮಿಸಲ್’ ದುರ್ನಡತೆಗೆ ಕೊಡುವ ಶಿಕ್ಷೆ. ಅಮೆರಿಕದ ಸೇನೆಯ ‘ಡಿಸಾನರಬಲ್ ಡಿಸ್ಚಾರ್ಜ್’ ಮಾತ್ರ ಸೇನಾ ನ್ಯಾಯಾಲಯ ವಿಧಿಸುವ ಶಿಕ್ಷೆಯೇ.

ಹಂತ 6: ಆಸ್ಪತ್ರೆಗೆ ಕಾನೂನು ಕಾಲಿಟ್ಟ ಕಡೆ ನಿಧಾನವಾಗಿ ಓದಿ

‘ಡಾಮಾ’ ಅಥವಾ ‘ಲಾಮಾ’ ಎಂಬ ಅಕ್ಷರಗಳು ಕಂಡರೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಟರು ಎಂದರ್ಥ. ಅರಿವುಳ್ಳ ವಯಸ್ಕರಿಗೆ ಚಿಕಿತ್ಸೆ ನಿರಾಕರಿಸಿ ಹೊರಡುವ ಹಕ್ಕಿದೆ. ಸಹಿ ಹಾಕಿಸಿಕೊಳ್ಳುವುದು, ಹೋದರೆ ಏನಾಗಬಹುದು ಎಂದು ತಿಳಿಸಲಾಗಿದೆ ಎಂಬುದಕ್ಕೆ ದಾಖಲೆ. ಅಲ್ಲಿಯವರೆಗಿನ ಚಿಕಿತ್ಸೆಯಲ್ಲಿ ಆದ ನಿರ್ಲಕ್ಷ್ಯ ಆ ಸಹಿಯಿಂದ ಅಳಿಸಿಹೋಗುವುದಿಲ್ಲ. ವೈದ್ಯರೇ ಮನೆಗೆ ಹೋಗಿ ಎಂದಿದ್ದರೂ ಕಾಗದದಲ್ಲಿ ಈ ಅಕ್ಷರಗಳಿದ್ದರೆ ಸಹಿ ಹಾಕದೆ ಮೊದಲು ತಿದ್ದಿಸಿ.

‘ಡಿಸ್ಚಾರ್ಜ್ ಸಮರಿ’ ಬೇರೆ, ‘ಡಿಸ್ಚಾರ್ಜ್ ವೋಚರ್’ ಬೇರೆ. ಸಮರಿ ಎಂದರೆ ಏನು ಕಾಯಿಲೆ, ಏನು ಚಿಕಿತ್ಸೆ, ಮುಂದೆ ಏನು ಎಂಬ ವೈದ್ಯರ ಸಾರಾಂಶ. ವೋಚರ್ ವಿಮಾ ಕಂಪನಿಯದ್ದು, ಇಷ್ಟು ಹಣ ಪೂರ್ತಿ ಸಂದಿದೆ, ಇನ್ನು ಬಾಕಿ ಏನೂ ಇಲ್ಲ ಎಂದು ನೀವು ಬರೆದುಕೊಡುವ ಕಾಗದ. ಅದರಲ್ಲಿ ಇಳಿಯುವುದು ಕಂಪನಿಯ ಹೊರೆ. ಮೊತ್ತ ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಸಹಿಗೆ ಮುಂಚೆಯೇ ಆಕ್ಷೇಪ ಬರೆದು ಕೊಟ್ಟು, ಅದರ ಪ್ರತಿ ಇಟ್ಟುಕೊಳ್ಳಿ. ಹೊರಡುವ ಗಡಿಬಿಡಿಯಲ್ಲಿ ಕಾಗದಗಳ ಕಟ್ಟು ಮುಂದಿಟ್ಟು “ಇಲ್ಲಿ, ಇಲ್ಲಿ, ಇಲ್ಲಿ” ಎಂದು ತೋರಿಸುವಾಗಲೇ ಇಂಥ ಕಾಗದ ನುಸುಳುವುದು.

ಮಾನಸಿಕ ಆರೋಗ್ಯದ ಕಾನೂನು ಮತ್ತಷ್ಟು ಸೂಕ್ಷ್ಮ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ತಾವಾಗಿ ದಾಖಲಾದವರು ಕೇಳಿದರೆ ಬಿಡಬೇಕು. ನಿರ್ದಿಷ್ಟ ಕಾರಣಗಳಿದ್ದರೆ ಮಾತ್ರ ತಪಾಸಣೆಗಾಗಿ 24 ಗಂಟೆ ತಡೆಯಬಹುದು. ಇಂಗ್ಲೆಂಡಿನ 1983ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ‘ಕಂಡಿಷನಲ್ ಡಿಸ್ಚಾರ್ಜ್’ ಇದೆ, ಆದರೆ ಅದು ಹಂತ 4ರಲ್ಲಿ ಹೇಳಿದ್ದಲ್ಲ. ನಿರ್ಬಂಧಕ್ಕೊಳಪಟ್ಟ ರೋಗಿಯನ್ನು ಷರತ್ತಿನ ಮೇಲೆ ಆಸ್ಪತ್ರೆಯಿಂದ ಹೊರಗೆ ಬಿಡುವುದು, ಬೇಕಾದರೆ ವಾಪಸ್ ಕರೆಸುವುದು. ಒಂದೇ ದೇಶ, ಅದೇ ಎರಡು ಪದ, ಒಂದು ಕಡೆ ಅಪರಾಧಿ, ಇನ್ನೊಂದು ಕಡೆ ರೋಗಿ.

ಹಂತ 7: ಕನ್ನಡದಲ್ಲಿ ಬರೆದು ಪರೀಕ್ಷಿಸಿ

ಇಂಗ್ಲಿಷ್ ಪದ ತೆಗೆದು ಕನ್ನಡ ಪದ ಕೂರಿಸಿ, ಸಾಲು ನಿಂತರೆ ಅರ್ಥ ಸರಿ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ಒಂದು ಫೈಲಿನ ನಾಲ್ಕು ಸಾಲು ಇಲ್ಲಿವೆ, ಉತ್ತರ ಮುಚ್ಚಿಟ್ಟು ನೀವೇ ಪ್ರಯತ್ನಿಸಿ.

‘ಹಿಸ್ಟರಿ ಆಫ್ ಆಕ್ಸಿಡೆಂಟಲ್ ಡಿಸ್ಚಾರ್ಜ್ ಆಫ್ ಫೈರ್‌ಆರ್ಮ್’: ಬಂದೂಕಿನಿಂದ ಆಕಸ್ಮಿಕವಾಗಿ ಗುಂಡು ಹಾರಿತೆಂದು ಹೇಳಿದ್ದಾರೆ. ಇಲ್ಲಿ ‘ಹಿಸ್ಟರಿ’ ಎಂದರೆ ರೋಗಿ ಅಥವಾ ಜೊತೆಗೆ ಬಂದವರು ಹೇಳಿದ್ದು. ಆಕಸ್ಮಿಕ ಹೌದೋ ಅಲ್ಲವೋ ಎಂದು ವೈದ್ಯರು ತೀರ್ಮಾನಿಸಿಲ್ಲ.

‘ಡೇ 3, ಪ್ಯೂರುಲೆಂಟ್ ಡಿಸ್ಚಾರ್ಜ್ ಫ್ರಮ್ ಊಂಡ್’: ಮೂರನೇ ದಿನ ಗಾಯದಿಂದ ಕೀವು ಬಂದಿದೆ.

‘ಡೇ 9, ಡಿಸ್ಚಾರ್ಜ್ಡ್ ಅಟ್ ರಿಕ್ವೆಸ್ಟ್’: ಒಂಬತ್ತನೇ ದಿನ ಅವರೇ ಕೇಳಿಕೊಂಡಿದ್ದರಿಂದ ಮನೆಗೆ ಕಳಿಸಲಾಗಿದೆ. ಗುಣವಾಗಿದೆ ಎಂದು ಎಲ್ಲೂ ಬರೆದಿಲ್ಲ.

‘ಅಕ್ಯೂಸ್ಡ್ ನಂಬರ್ 2 ಸ್ಟ್ಯಾಂಡ್ಸ್ ಡಿಸ್ಚಾರ್ಜ್ಡ್’: ಎರಡನೇ ಆರೋಪಿಯ ವಿರುದ್ಧ ಮುಂದುವರಿಯಲು ಆಧಾರ ಸಾಲದೆ ಅವರನ್ನು ಪ್ರಕರಣದಿಂದ ಕೈಬಿಡಲಾಗಿದೆ. ಒಂದನೇ ಆರೋಪಿಯ ವಿಚಾರಣೆ ನಡೆಯುತ್ತದೆ.